ದುಡಿದು ಓದುವ ಮಕ್ಕಳ ಟಿಡಿಎಸ್ ಹಣ: ಹಾಸನ ಜಿಲ್ಲಾಡಳಿತಕ್ಕೆ, ಕಾಲೇಜುಗಳಿಗೆ, ಮಾಲೀಕರಿಗೆ ಒಂದು ಬಹಿರಂಗ ಪತ್ರ

ಗೆ,
ಜಿಲ್ಲಾಧಿಕಾರಿಗಳು, ಹಾಸನ ಜಿಲ್ಲೆ;
ಜಿಲ್ಲೆಯ ಪದವಿ, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರು;
ವಿದ್ಯಾರ್ಥಿಗಳಿಗೆ ಕೆಲಸ ಕೊಡುವ ಎಲ್ಲ ಮಾಲೀಕರು.

ವಿಷಯ: ಅರೆಕಾಲಿಕ ಕೆಲಸ ಮಾಡುವ ವಿದ್ಯಾರ್ಥಿಗಳ ಸಂಪಾದನೆಯಿಂದ ಕಡಿತವಾದ ತೆರಿಗೆ ಅವರಿಗೆ ಮರಳಿ ಸಿಗುವಂತೆ ಮಾಡುವ ಬಗ್ಗೆ.

ಮಾನ್ಯರೇ,

ಬೆಳಿಗ್ಗೆ ತರಗತಿ, ಸಂಜೆ ಕೆಲಸ ಎಂದು ಓದುವ ಮಕ್ಕಳು ನಮ್ಮ ಊರಿನಲ್ಲಿ ಬಹಳ ಜನ ಇದ್ದಾರೆ. ಬಿ.ಎಂ. ರಸ್ತೆಯ ಅಂಗಡಿಗಳಲ್ಲಿ ಬಿಲ್ಲು ಹಾಕುತ್ತಾರೆ, ಬೈಕಿನಲ್ಲಿ ಊಟ ತಲುಪಿಸುತ್ತಾರೆ, ಮದುವೆ ಸೀಸನ್ನಿನಲ್ಲಿ ಕೇಟರಿಂಗ್‌ನವರ ಜೊತೆ ಬಡಿಸಲು ಹೋಗುತ್ತಾರೆ, ಶನಿವಾರ ಭಾನುವಾರ ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಗಳಲ್ಲಿ ಬಂದವರನ್ನು ನೋಡಿಕೊಳ್ಳುತ್ತಾರೆ. ಕಂಪ್ಯೂಟರ್ ಕಲಿತವರು ಹಾಸ್ಟೆಲ್ಲಿನಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ವೆಬ್‌ಸೈಟ್ ಕೆಲಸ ಮಾಡಿಕೊಡುತ್ತಾರೆ. ಇವರಲ್ಲಿ ಅನೇಕರ ಹಣದಿಂದ ನೂರಕ್ಕೆ ಒಂದೋ ಎರಡೋ ಹತ್ತೋ ರೂಪಾಯಿ ಟಿಡಿಎಸ್ (ಹಣ ಕೊಡುವವರು ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಎಂದು ಕಡಿತವಾಗುತ್ತದೆ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಇವರು ಕಟ್ಟಬೇಕಾದ ತೆರಿಗೆ ಸೊನ್ನೆ. ಕಡಿತವಾದ ಹಣ ಅವರದೇ. ಆದರೆ ಕೇಳದೆ ಅದು ಬರುವುದಿಲ್ಲ, ಕೇಳುವ ದಾರಿ ಆದಾಯ ತೆರಿಗೆ ರಿಟರ್ನ್, ಅಂದರೆ ವರ್ಷದ ಆದಾಯದ ಲೆಕ್ಕ ಸಲ್ಲಿಸುವುದು ಒಂದೇ.

ನಾವು ಈ ಊರಿನಲ್ಲಿ ಆದಾಯ ತೆರಿಗೆ ಮತ್ತು ಟಿಡಿಎಸ್ ಲೆಕ್ಕದ ಕೆಲಸ ಮಾಡುವವರು. ಮಕ್ಕಳು ಈ ಹಣ ಕೇಳದೆ ಬಿಡುವುದಕ್ಕೆ ನಮಗೆ ಕಾಣುವ ಕಾರಣಗಳು ಎರಡು. ಒಂದು, ಯಾರೂ ಹೇಳಿಕೊಟ್ಟಿಲ್ಲ. ಇನ್ನೊಂದು, ಐಟಿ ರಿಟರ್ನ್ ಹಾಕಿದರೆ ಮನೆಯ ಬಿಪಿಎಲ್ ಕಾರ್ಡು ಹೋಗುತ್ತದೆ ಎಂಬ ಹೆದರಿಕೆ. ಮೊದಲನೆಯದನ್ನು ಕಾಲೇಜುಗಳೂ ಮಾಲೀಕರೂ ಸರಿಪಡಿಸಬಹುದು. ಎರಡನೆಯದು ಜಿಲ್ಲಾಡಳಿತದ ಕೈಯಲ್ಲಿದೆ.

ಮೊದಲು ಅಂಕಿಗಳು. 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ದುಡಿಮೆಗೆ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷ ರೂಪಾಯಿವರೆಗೆ ತೆರಿಗೆಯೇ ಇಲ್ಲ. 4ರಿಂದ 8 ಲಕ್ಷದವರೆಗೆ ಶೇ 5, 8ರಿಂದ 12 ಲಕ್ಷದವರೆಗೆ ಶೇ 10. ಆದರೆ ಒಟ್ಟು ಆದಾಯ 12 ಲಕ್ಷ ದಾಟದಿದ್ದರೆ ಆದಾಯ ತೆರಿಗೆ ಕಾಯ್ದೆಯ 87ಎ ಸೆಕ್ಷನ್ನಿನ ರಿಯಾಯಿತಿ ಆ ತೆರಿಗೆಯನ್ನೂ ಸೊನ್ನೆಗೆ ಇಳಿಸುತ್ತದೆ. ಸಂಬಳ ಎಂದು ಬಂದ ಹಣವಾದರೆ ಅದಕ್ಕೂ ಮೊದಲು 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುತ್ತಾರೆ. ತಿಂಗಳಿಗೆ 8,000, 12,000, 15,000 ದುಡಿಯುವ ವಿದ್ಯಾರ್ಥಿ ಈ ಗೆರೆಗಳ ಹತ್ತಿರಕ್ಕೂ ಬರುವುದಿಲ್ಲ. ಕೊನೆಯ ವರ್ಷದಲ್ಲಿ ದೊಡ್ಡ ಇಂಟರ್ನ್‌ಶಿಪ್ ಸಿಕ್ಕವರು ಮಾತ್ರ ಒಂದು ವಿಷಯ ನೆನಪಿಡಬೇಕು: ಆದಾಯ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಹಾಕುವುದು ಕಡ್ಡಾಯ. ವರ್ಷದಲ್ಲಿ ಕಡಿತವಾದ ಟಿಡಿಎಸ್ 25,000 ರೂಪಾಯಿ ಮುಟ್ಟಿದರೂ ಕಡ್ಡಾಯವೇ.

ಏನು ಆದಾಯ, ಏನು ಅಲ್ಲ ಎಂಬ ಗೊಂದಲವೂ ಇದೆ. ಓದಿನ ಖರ್ಚಿಗೆಂದು ಬರುವ ವಿದ್ಯಾರ್ಥಿವೇತನ 10(16) ಸೆಕ್ಷನ್ ಪ್ರಕಾರ ಪೂರ್ತಿ ವಿನಾಯಿತಿ, ಅದು ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣ ಎಸ್‌ಎಸ್‌ಪಿ ಮೂಲಕ ಬರಲಿ, ಟ್ರಸ್ಟ್ ಒಂದರಿಂದ ಬರಲಿ. ಅಪ್ಪ ಫೋನ್‌ಪೇ ಮಾಡಿದ ಹಾಸ್ಟೆಲ್ ಫೀಸು ಆದಾಯವಲ್ಲ. ಕೆಲಸ ಮಾಡಿಸಿಕೊಂಡು ಕೊಡುವ ಸ್ಟೈಪೆಂಡ್ ಆದಾಯ. ಮನೆಪಾಠದ ದುಡ್ಡು ಆದಾಯ, ಆದರೆ ಪೋಷಕರು ಅದರಲ್ಲಿ ಟಿಡಿಎಸ್ ಕಡಿಯುವುದಿಲ್ಲ. ವರ್ಷದ ಒಟ್ಟು ಮೊತ್ತ 4 ಲಕ್ಷದೊಳಗಿದ್ದರೆ ಅದೊಂದಕ್ಕಾಗಿ ರಿಟರ್ನೂ ಬೇಡ.

ಹಾಗಾದರೆ ತೆರಿಗೆಯೇ ಇಲ್ಲದವರಿಂದ ಏಕೆ ಕಡಿಯುತ್ತಾರೆ? ಇದು ಮಾಲೀಕರು ಕೊಡುವ ಹಣವನ್ನು ಯಾವ ಹೆಸರಿನಲ್ಲಿ ಬರೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಸಂಬಳ ಎಂದು ಬರೆದರೆ 192ನೇ ಸೆಕ್ಷನ್ ಅನ್ವಯಿಸುತ್ತದೆ. ಅಲ್ಲಿ ವರ್ಷದ ಅಂದಾಜು ತೆರಿಗೆಯನ್ನು ಹಂಚಿ ಕಡಿಯುವುದರಿಂದ ತೆರಿಗೆ ಸೊನ್ನೆ ಇರುವವನಿಂದ ಒಂದು ಪೈಸೆಯೂ ಕಡಿಯುವಂತಿಲ್ಲ. ವೃತ್ತಿಪರ ಶುಲ್ಕ ಎಂದು ಬರೆದರೆ 194ಜೆ: ವರ್ಷಕ್ಕೆ 50,000 ದಾಟಿದ ಕೂಡಲೇ ಶೇ 10. ಗುತ್ತಿಗೆ ಎಂದು ಬರೆದರೆ 194ಸಿ: ಒಂದು ಬಿಲ್ಲು 30,000 ಅಥವಾ ವರ್ಷದ ಒಟ್ಟು 1 ಲಕ್ಷ ದಾಟಿದರೆ ಶೇ 1. ಕಮಿಷನ್ ಎಂದು ಬರೆದರೆ 194ಎಚ್: 20,000 ದಾಟಿದರೆ ಶೇ 2. ಈ ಮೂರರಲ್ಲೂ ಪಡೆಯುವವನ ಒಟ್ಟು ಆದಾಯ ಎಷ್ಟು ಎಂದು ಕಡಿಯುವವರು ನೋಡುವುದಿಲ್ಲ, ಕೊಟ್ಟ ಮೊತ್ತದ ಮೇಲೆಯೇ ಕಡಿಯುತ್ತಾರೆ.

ತಿಂಗಳಿಗೆ 12,000ದಂತೆ ವರ್ಷಕ್ಕೆ 1,44,000 ರೂಪಾಯಿಯ ವೆಬ್‌ಸೈಟ್ ಕೆಲಸ ಮಾಡಿದ ಹುಡುಗಿಯ ಲೆಕ್ಕ ನೋಡಿ. 194ಜೆ ಅಡಿಯಲ್ಲಿ 14,400 ಕಡಿತ. ಅಂದರೆ ಒಂದು ತಿಂಗಳ ದುಡಿಮೆಗಿಂತಲೂ ಹೆಚ್ಚು. ಜುಲೈಯಲ್ಲಿ ರಿಟರ್ನ್ ಹಾಕಿ ಆಗಸ್ಟ್‌ನಲ್ಲಿ ರೀಫಂಡ್ ಬಂದರೆ, ಏಪ್ರಿಲ್‌ನಿಂದ ತಿಂಗಳಿಗೆ ಶೇ ಅರ್ಧದ ಬಡ್ಡಿಯೂ ಸೇರಿ 14,760 ಸಿಗುತ್ತದೆ. ಅವಳು ಪ್ಯಾನ್ ಕೊಡದೇ ಇದ್ದಿದ್ದರೆ ಕಡಿತ ಶೇ 20, ಅಂದರೆ 28,800. ಅದಕ್ಕಿಂತ ಕೆಟ್ಟದ್ದು, ಆ ಹಣ ಯಾರ ಹೆಸರಿಗೂ ಜಮೆಯಾಗದೆ ಉಳಿಯುತ್ತದೆ. ಕಡಿದವರು ಟಿಡಿಎಸ್ ಪಟ್ಟಿಯನ್ನು ತಿದ್ದಿ ಅವಳ ಪ್ಯಾನ್ ಸೇರಿಸುವವರೆಗೆ ಕೇಳಲು ಬರುವುದಿಲ್ಲ.

ಮಾಲೀಕರೇ, ಇಲ್ಲಿ ನಿಮ್ಮಲ್ಲಿ ಒಂದು ಮಾತು. ಕೆಲಸದ ವೇಳೆ ನೀವೇ ಗೊತ್ತು ಮಾಡಿ, ಹಾಜರಿ ಹಾಕಿಸಿ, ತಿಂಗಳಿಗೆ ಇಂತಿಷ್ಟು ಎಂದು ಕೊಡುತ್ತಿದ್ದರೆ ಅದು ಸಂಬಳ. ಪಿಎಫ್, ಇಎಸ್‌ಐ ತಪ್ಪಿಸಲು ಅದನ್ನು ವೃತ್ತಿಪರ ಶುಲ್ಕ ಎಂದು ಬರೆಯುವ ಅಭ್ಯಾಸ ಬಿಡಿ. ಅದರ ಭಾರ ಬೀಳುವುದು ಆ ಹುಡುಗನ ಮೇಲೆ: ಶೇ 10 ಹೋಗುತ್ತದೆ, 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ನೂ ಕೈತಪ್ಪುತ್ತದೆ, ರಿಟರ್ನ್ ಫಾರಂ ಕೂಡ ಕಷ್ಟದ್ದಾಗುತ್ತದೆ. ಇನ್ನು, ಸ್ವಂತ ಹೆಸರಿನ ಸಣ್ಣ ಅಂಗಡಿ, ಸಣ್ಣ ಹೋಂಸ್ಟೇ ನಡೆಸುವವರಿಗೆ ಈ 194ರ ಕಡಿತಗಳ ಹೊಣೆಯೇ ಇಲ್ಲ. ಹಿಂದಿನ ವರ್ಷದ ವಹಿವಾಟು 1 ಕೋಟಿ, ವೃತ್ತಿಯಾದರೆ 50 ಲಕ್ಷ ದಾಟಿದವರಿಗೆ ಮಾತ್ರ ಅದು ಬರುತ್ತದೆ. ಹೊಣೆ ಇಲ್ಲದೆಯೂ ‘ಟಿಡಿಎಸ್’ ಎಂದು ಹಣ ಹಿಡಿದು, ಟಿಡಿಎಸ್ ಕಟ್ಟಲು ಬೇಕಾದ ಟ್ಯಾನ್ ನಂಬರೂ ಇಲ್ಲದೆ ಇಟ್ಟುಕೊಳ್ಳುವುದು ತೆರಿಗೆಯಲ್ಲ, ಕೂಲಿ ಮುರಿದುಕೊಳ್ಳುವುದು.

ಕಡಿಯಬೇಕಾದವರು ಕಡಿದ ಹಣವನ್ನು ಮುಂದಿನ ತಿಂಗಳ 7ರೊಳಗೆ, ಮಾರ್ಚ್ ತಿಂಗಳದ್ದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು. ಕಟ್ಟಿದರೆ ಸಾಲದು, ಯಾರಿಂದ ಎಷ್ಟು ಎಂಬ 26ಕ್ಯೂ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ, ಅಂದರೆ ಜುಲೈ 31, ಅಕ್ಟೋಬರ್ 31, ಜನವರಿ 31, ಮೇ 31ರೊಳಗೆ ಸಲ್ಲಿಸಬೇಕು. ವಿದ್ಯಾರ್ಥಿಯ ಹೆಸರಿಗೆ ಹಣ ಕಾಣಿಸುವುದು ಈ ಪಟ್ಟಿಯಿಂದಲೇ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ನಿಮಗೆ, ರೀಫಂಡ್ ತಡವಾಗುವುದು ಅವರಿಗೆ. ಪ್ಯಾನ್‌ನ ಹತ್ತು ಅಕ್ಷರಗಳಲ್ಲಿ ಒಂದು ತಪ್ಪಿದರೂ ಹಣ ಇನ್ನೊಬ್ಬರ ಖಾತೆಗೆ ಜಮೆಯಾಗುತ್ತದೆ, ಇಲ್ಲವೇ ಯಾರಿಗೂ ಆಗುವುದಿಲ್ಲ. ಕೆಲಸಕ್ಕೆ ಸೇರಿಸುವ ದಿನವೇ ಪ್ಯಾನ್ ಕಾರ್ಡಿನ ಪ್ರತಿ ತೆಗೆದುಕೊಳ್ಳಿ, ವಾಟ್ಸ್ಆ್ಯಪ್‌ನಲ್ಲಿ ಬೆರಳಚ್ಚು ಮಾಡಿ ಕಳಿಸಿದ ನಂಬರನ್ನು ನಂಬಬೇಡಿ. ಪಟ್ಟಿ ಸಲ್ಲಿಸಿದ ಮೇಲೆ ಇಲಾಖೆಯ ಟ್ರೇಸಸ್ ಜಾಲತಾಣದಿಂದ ಫಾರಂ 16ಎ, ಅಂದರೆ ಟಿಡಿಎಸ್ ಪ್ರಮಾಣಪತ್ರ, ಇಳಿಸಿ ಕೊಡುವುದು ನಿಮ್ಮ ಕರ್ತವ್ಯ, ಅದು ಉಪಕಾರವಲ್ಲ. ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ‘ಟಿಡಿಎಸ್ ಕಡಿದಿದೆ’ ಎಂಬ ಚೀಟಿ ರೀಫಂಡಿಗೆ ಉಪಯೋಗಕ್ಕೆ ಬಾರದು.

ವಿದ್ಯಾರ್ಥಿಗಳಿಗೆ ತಿಳಿಸಬೇಕಾದ ಇನ್ನೊಂದು ಸಂಗತಿ ಫಾರಂ 15ಜಿ. ‘ನನಗೆ ತೆರಿಗೆ ಬರುವುದಿಲ್ಲ, ಕಡಿಯಬೇಡಿ’ ಎಂದು ಈ ಫಾರಂ ತುಂಬಿ ಮಾಲೀಕರಿಗೆ ಕೊಡುವವರಿದ್ದಾರೆ. ಬ್ಯಾಂಕ್ ಬಡ್ಡಿಯಂಥ ಕೆಲವು ಆದಾಯಗಳಿಗೆ ಅದು ನಡೆಯುತ್ತದೆ. 194ಜೆ, 194ಸಿ, 194ಎಚ್‌ಗೆ ನಡೆಯುವುದಿಲ್ಲ. ಇವುಗಳಲ್ಲಿ ಮೊದಲೇ ಕಡಿತ ತಪ್ಪಿಸಬೇಕಾದರೆ ಫಾರಂ 13ರಲ್ಲಿ ಅರ್ಜಿ ಹಾಕಿ ಇಲಾಖೆಯಿಂದಲೇ ಪ್ರಮಾಣಪತ್ರ ತರಬೇಕು. ಹತ್ತು ಹದಿನೈದು ಸಾವಿರದ ಮಾತಿಗೆ ಅಷ್ಟು ದೂರ ಹೋಗುವುದಕ್ಕಿಂತ ವರ್ಷದ ಕೊನೆಗೆ ರಿಟರ್ನ್ ಹಾಕುವುದೇ ಸುಲಭ. ಹಾಗೆಯೇ ಸಂಬಳದ ಚೀಟಿಯಲ್ಲಿ ಕಡಿತವಾದದ್ದೆಲ್ಲ ಆದಾಯ ತೆರಿಗೆಯಲ್ಲ. ಶೇ 12 ಪಿಎಫ್ ಅವರದೇ ಹೆಸರಿನ ಯುಎಎನ್ ಖಾತೆಯಲ್ಲಿರುತ್ತದೆ, ಶೇ 0.75 ಇಎಸ್‌ಐ ಚಿಕಿತ್ಸೆಯ ವಿಮೆಗೆ ಹೋಗುತ್ತದೆ. ರಾಜ್ಯದ ವೃತ್ತಿ ತೆರಿಗೆ 25,000ಕ್ಕಿಂತ ಕಡಿಮೆ ಸಂಬಳಕ್ಕೆ ಇಲ್ಲವೇ ಇಲ್ಲ. ಇವು ಯಾವುದನ್ನೂ ರಿಟರ್ನ್‌ನಲ್ಲಿ ವಾಪಸ್ ಕೇಳಲಾಗದು.

ಈಗ ಪ್ರಾಂಶುಪಾಲರಲ್ಲಿ. ರಿಟರ್ನ್ ಹಾಕುವ ಹಂತಕ್ಕೆ ಬರುವ ಮೊದಲೇ ಮಕ್ಕಳು ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಹೆಸರು, ಬ್ಯಾಂಕಿನಲ್ಲಿ ಬರೀ ಹೆಸರು. ನಮ್ಮ ಕಡೆ ಇದು ಮನೆ ಮನೆಯ ಕಥೆ. ರೀಫಂಡ್ ಬರಬೇಕಾದರೆ ತೆರಿಗೆ ಜಾಲತಾಣದಲ್ಲಿ ಬ್ಯಾಂಕ್ ಖಾತೆ ದೃಢೀಕರಣವಾಗಬೇಕು. ಪ್ಯಾನ್‌ನಲ್ಲಿರುವ ಹೆಸರಿಗೂ ಖಾತೆಯ ಹೆಸರಿಗೂ ಹೊಂದಿಕೆಯಾಗದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಮೊದಲು ಆಧಾರ್ ಸರಿಮಾಡಿಸಿ, ಆಮೇಲೆ ಅದರಂತೆ ಪ್ಯಾನ್, ಕೊನೆಗೆ ಬ್ಯಾಂಕ್, ಈ ಕ್ರಮದಲ್ಲಿ ಹೋದರೆ ಓಡಾಟ ಕಡಿಮೆ. ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿ ಇನ್ನೊಂದು ತೊಡಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾದವು. ಬಾಲ್ಯದಲ್ಲಿ ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆಯ ಹಳೆಯ ಪಾಸ್‌ಬುಕ್ ನೋಡಿ ಕೋಡ್ ತುಂಬಿದರೆ ದೃಢೀಕರಣ ವಿಫಲವಾಗುತ್ತದೆ. ಬಹಳ ದಿನ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೂ ಹಣ ಹೋಗದು. ಒಮ್ಮೆ ಬ್ಯಾಂಕಿಗೆ ಹೋಗಿ ಕೆವೈಸಿ ಮಾಡಿಸಿ, ಹೊಸ ಕೋಡ್ ಬರೆಸಿಕೊಂಡು ಬರಲಿ. ರೀಫಂಡ್ ಹೀಗೆ ವಿಫಲವಾದರೂ ಹಣ ಮುಳುಗಿತು ಎಂದಲ್ಲ, ಖಾತೆ ಸರಿಪಡಿಸಿ ಜಾಲತಾಣದಲ್ಲಿ ‘ರೀಫಂಡ್ ರೀಇಶ್ಯೂ’ ಕೋರಿಕೆ ಹಾಕಿದರೆ ಮತ್ತೆ ಬರುತ್ತದೆ.

ಪ್ಯಾನ್ ಇಲ್ಲದವರಿಗೆ, 18 ತುಂಬಿದ್ದು ಆಧಾರ್‌ಗೆ ಮೊಬೈಲ್ ಜೋಡಣೆಯಾಗಿದ್ದರೆ, ತೆರಿಗೆ ಇಲಾಖೆಯ ಜಾಲತಾಣದಲ್ಲೇ ಇ-ಪ್ಯಾನ್ ಉಚಿತವಾಗಿ ಸಿಗುತ್ತದೆ. ಇದಕ್ಕಾಗಿ ಯಾರಿಗೂ ನೂರಾರು ರೂಪಾಯಿ ಕೊಡಬೇಕಿಲ್ಲ. ಚಿಕ್ಕವರಿದ್ದಾಗಲೇ ಪ್ಯಾನ್ ಮಾಡಿಸಿದ್ದರೆ ಆ ಕಾರ್ಡಿನಲ್ಲಿ ಭಾವಚಿತ್ರವೂ ಸಹಿಯೂ ಇರುವುದಿಲ್ಲ. 18 ತುಂಬಿದ ಮೇಲೆ ತಿದ್ದುಪಡಿ ಅರ್ಜಿ ಹಾಕಬೇಕೇ ಹೊರತು ಹೊಸ ಪ್ಯಾನ್ ಮಾಡಿಸಬಾರದು, ಒಬ್ಬರಿಗೆ ಎರಡು ಪ್ಯಾನ್ ಇರುವುದು ದಂಡಕ್ಕೆ ದಾರಿ. ಹಳೆಯ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ರೀಫಂಡ್ ಕೊಡುವುದಿಲ್ಲ, ಕಡಿತವೂ ಹೆಚ್ಚಾಗುತ್ತದೆ.

ಪಿಯುಸಿ ಮಕ್ಕಳ ವಿಷಯ ಸ್ವಲ್ಪ ಬೇರೆ. 18 ತುಂಬದವರ ಆದಾಯವನ್ನು ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸುತ್ತಾರೆ. ಆದರೆ ಮಗು ತನ್ನ ಮೈಬೆವರಿನಿಂದ ಅಥವಾ ತನ್ನ ಕೌಶಲದಿಂದ ಗಳಿಸಿದ್ದು ಮಗುವಿನದೇ ಆದಾಯ. ಅದೇ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಂದ ಬಡ್ಡಿ ಮಾತ್ರ ಪೋಷಕರ ಲೆಕ್ಕಕ್ಕೆ ಹೋಗುತ್ತದೆ.

ರಿಟರ್ನ್ ಹಾಕುವ ಕೆಲಸ ಒಂದು ಗಂಟೆಯದು, ಸಿದ್ಧತೆ ಇದ್ದರೆ. ಪ್ಯಾನ್ ನಂಬರಿನಿಂದ ಜಾಲತಾಣದಲ್ಲಿ ನೋಂದಣಿ ಮಾಡಿಕೊಂಡು ಮೊದಲು 26ಎಎಸ್ (ತಮ್ಮ ಹೆಸರಿಗೆ ಜಮೆಯಾದ ಟಿಡಿಎಸ್) ಮತ್ತು ಎಐಎಸ್ (ವರ್ಷದಲ್ಲಿ ಬಂದ ಹಣದ ವಿವರ) ಎಂಬ ಎರಡು ಪಟ್ಟಿ ಇಳಿಸಿಕೊಳ್ಳಬೇಕು. ಕೊನೆಯ ಮೂರು ತಿಂಗಳ ಟಿಡಿಎಸ್ ಪಟ್ಟಿಗೆ ಮೇ 31ರವರೆಗೆ ಅವಕಾಶವಿರುವುದರಿಂದ, ಏಪ್ರಿಲ್‌ನಲ್ಲೇ ಅವಸರ ಮಾಡಿ ರಿಟರ್ನ್ ಹಾಕಿದರೆ ಆ ಕಡಿತ ಲೆಕ್ಕಕ್ಕೆ ಸಿಗುವುದಿಲ್ಲ. ಜೂನ್ ಮಧ್ಯದ ನಂತರ ಕೂರುವುದು ಒಳ್ಳೆಯದು. ಕಡಿತ ಯಾವ ಸೆಕ್ಷನ್ನಿನಲ್ಲಿ ಆಗಿದೆ ಎಂದು 26ಎಎಸ್ ಹೇಳುತ್ತದೆ, ಯಾವ ಫಾರಂ ಎಂಬುದು ಅದರಿಂದ ಗೊತ್ತಾಗುತ್ತದೆ. 192, ಅಂದರೆ ಸಂಬಳ, ಜೊತೆಗೆ ಬ್ಯಾಂಕ್ ಬಡ್ಡಿ ಇದ್ದರೆ ಐಟಿಆರ್-1. ಡೆಲಿವರಿಯವರಿಗೆ ಸಾಮಾನ್ಯವಾಗಿ ಬರುವ 194ಸಿ, ಸಾಫ್ಟ್‌ವೇರ್ ಕೆಲಸದವರಿಗೆ ಬರುವ 194ಜೆ ಇದ್ದರೆ ಅದು ವ್ಯಾಪಾರ ಅಥವಾ ವೃತ್ತಿಯ ಆದಾಯ, ಐಟಿಆರ್-4. ಅಲ್ಲಿ ಪುಸ್ತಕ ಇಡದೆಯೇ ಅಂದಾಜು ಲಾಭ ತೋರಿಸಬಹುದು: 44ಎಡಿ ಸೆಕ್ಷನ್ನಿನಲ್ಲಿ ಬ್ಯಾಂಕ್ ಮೂಲಕ ಬಂದ ಹಣದ ಕನಿಷ್ಠ ಶೇ 6, ನಗದಾಗಿ ಬಂದದ್ದರ ಶೇ 8, ಐಟಿ, ಎಂಜಿನಿಯರಿಂಗ್‌ನಂಥ ಹೆಸರಿಸಿದ ವೃತ್ತಿಗಳಿಗೆ 44ಎಡಿಎಯಲ್ಲಿ ಕನಿಷ್ಠ ಶೇ 50. ಇವು ಕನಿಷ್ಠ. ಪೆಟ್ರೋಲು, ಬೈಕ್ ರಿಪೇರಿ ಕಳೆದು ಕೈಯಲ್ಲಿ ಉಳಿದದ್ದು ಅದಕ್ಕಿಂತ ಹೆಚ್ಚಾಗಿದ್ದರೆ ಹೆಚ್ಚಿನದನ್ನೇ ಬರೆಯಬೇಕು. ತೆರಿಗೆ ಹೇಗೂ ಸೊನ್ನೆ ಇರುವಾಗ ಕಡಿಮೆ ಬರೆದು ಸಂಶಯಕ್ಕೆ ಎಡೆಕೊಡುವುದು ಯಾಕೆ? 194ಎಚ್ ಕಮಿಷನ್ನಿಗೆ ಮಾತ್ರ 44ಎಡಿ ಅನ್ವಯಿಸದು, ಐಟಿಆರ್-3 ಬೇಕು. ಸಿಮ್, ವಿಮೆ, ಸಾಲದ ಆ್ಯಪ್ ಮಾರಿ ಕಮಿಷನ್ ಪಡೆಯುವ ಮಕ್ಕಳು ಒಬ್ಬ ತಿಳಿದವರ ನೆರವು ಪಡೆಯುವುದೇ ಮೇಲು.

ಅತಿ ಹೆಚ್ಚು ರಿಟರ್ನ್ ಕೆಡುವುದು ಇಲ್ಲಿ: 14,400ರ ಟಿಡಿಎಸ್ ವಾಪಸ್ ಕೇಳುತ್ತಾರೆ, ಆದರೆ ಅದು ಕಡಿತವಾದ 1,44,000ವನ್ನು ಎಲ್ಲಿಯೂ ತೋರಿಸುವುದಿಲ್ಲ. ಇಂಥ ರಿಟರ್ನ್ ‘ದೋಷಪೂರಿತ’ ಎಂದು 139(9) ನೋಟಿಸ್ ಬರುತ್ತದೆ. ಸರಿಪಡಿಸಲು 15 ದಿನ. ಆ ಇಮೇಲ್ ನೋಡದೆ ಬಿಟ್ಟರೆ ರಿಟರ್ನ್ ಹಾಕಿಯೇ ಇಲ್ಲ ಎಂದಾಗಿಬಿಡಬಹುದು. ಎರಡನೆಯ ತಪ್ಪು, ಸಲ್ಲಿಸಿ ಸುಮ್ಮನಾಗುವುದು. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಬೇಕು, ಇಲ್ಲವೇ ಸಹಿ ಮಾಡಿದ ಪ್ರತಿಯನ್ನು ರಿಟರ್ನ್‌ಗಳನ್ನು ಪರಿಶೀಲಿಸುವ ಇಲಾಖೆಯ ಕೇಂದ್ರವಾದ ಬೆಂಗಳೂರಿನ ಸಿಪಿಸಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು.

ಕಾಫಿ ಸೀಮೆಯ ಮಕ್ಕಳಿಗೆ ಪ್ರತ್ಯೇಕವಾಗಿ ಒಂದು ಮಾತು. ಡಿಸೆಂಬರ್‌ನಿಂದ ಫೆಬ್ರವರಿಯ ಕೊಯ್ಲಿನಲ್ಲಿ ಬೇರೆಯವರ ತೋಟದಲ್ಲಿ ಹಣ್ಣು ಕೊಯ್ದು ಪಡೆದ ಕೂಲಿ ಕೃಷಿ ಆದಾಯವಲ್ಲ, ಕೂಲಿಯೇ. ಕೃಷಿ ಆದಾಯ ಎನ್ನುವುದು ಸ್ವಂತ ಅಥವಾ ಗೇಣಿಗೆ ಮಾಡಿದ ತೋಟದ ಬೆಳೆಯದು. ವಿದ್ಯಾರ್ಥಿಯ ಹೆಸರಿನಲ್ಲೇ ತೋಟದ ಪಾಲಿದ್ದು ಅದರ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಮತ್ತು ಐಟಿಆರ್-4 ಎರಡನ್ನೂ ಬಳಸುವಂತಿಲ್ಲ. ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿ (ಸಿಪ್ಪೆ ತೆಗೆದು ಬೀಜ ಹದಗೊಳಿಸಿ) ಮಾರಿದರೆ ಆ ಆದಾಯದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ವ್ಯಾಪಾರದ ಆದಾಯವಾಗುತ್ತದೆ. ಹೋಂಸ್ಟೇಗೆ ಬಂದವರಿಗೆ ಮನೆಯ ಕಾಫಿಪುಡಿಯ ಪೊಟ್ಟಣ ಮಾರುವ ಮಕ್ಕಳು ಈ ಕೊನೆಯ ಸಾಲನ್ನು ಗಮನಿಸಬೇಕು.

ಕೇಟರಿಂಗ್ ಗುಂಪುಗಳಲ್ಲಿ ಒಂದು ಅಪಾಯ ಪದೇ ಪದೇ ಕಾಣುತ್ತದೆ. ಹತ್ತು ಹುಡುಗರ ಕೂಲಿಯನ್ನು ಮಾಲೀಕರು ಅವರನ್ನು ಕರೆತರುವ ಒಬ್ಬನ ಖಾತೆಗೆ ಹಾಕುತ್ತಾರೆ, ಅವನು ಉಳಿದವರಿಗೆ ಹಂಚುತ್ತಾನೆ. ಸೀಸನ್ ಮುಗಿಯುವಷ್ಟರಲ್ಲಿ ಅವನ ಎಐಎಸ್‌ನಲ್ಲಿ ಹತ್ತು ಜನರ ದುಡಿಮೆ ಕೂತಿರುತ್ತದೆ. ಒಟ್ಟು 5 ಲಕ್ಷ ಬಂದಿದ್ದರೆ, ತನ್ನ ಪಾಲು 50,000 ಎಂಬುದನ್ನು ತೋರಿಸಲು ಅವನ ಬಳಿ ಏನೂ ಇರುವುದಿಲ್ಲ. ಹಂಚುವುದಾದರೆ ನಗದು ಬೇಡ, ಯುಪಿಐ ಮೂಲಕವೇ ಹಂಚಲಿ. ತಾರೀಖು, ಮದುವೆ ಮನೆ, ಹುಡುಗರ ಹೆಸರು, ಕೊಟ್ಟ ಮೊತ್ತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮಾಲೀಕರು ಒಬ್ಬೊಬ್ಬರಿಗೂ ನೇರವಾಗಿ ಹಾಕಿದರೆ ಈ ರಗಳೆಯೇ ಇಲ್ಲ. ಇದರ ಜೊತೆಗೇ ಹೇಳಬೇಕು: ‘ನಿನ್ನ ಖಾತೆ ಸ್ವಲ್ಪ ದಿನ ಬಳಸಿಕೊಳ್ಳುತ್ತೇನೆ, ಎರಡು ಸಾವಿರ ಕೊಡುತ್ತೇನೆ’ ಎನ್ನುವವರಿಗೆ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡಲೇಬಾರದು. ತೆರಿಗೆಯ ನೋಟಿಸ್ ಅದರಲ್ಲಿ ಸಣ್ಣ ಕಷ್ಟ, ಸೈಬರ್ ವಂಚನೆಯ ಪ್ರಕರಣದಲ್ಲಿ ಪೊಲೀಸರು ಮೊದಲು ಹುಡುಕುವುದು ಖಾತೆದಾರನನ್ನು.

ಸೊನ್ನೆ ತೆರಿಗೆಯ ಈ ಮಾತಿಗೆ ಹೊರತಾದದ್ದೂ ಇದೆ. ಕ್ರಿಪ್ಟೊ ಲಾಭ, ಲಾಟರಿ ಮತ್ತು ಆನ್‌ಲೈನ್ ಆಟದ ಗೆಲುವಿಗೆ 4 ಲಕ್ಷದ ಮಿತಿಯೂ ಇಲ್ಲ, 87ಎ ರಿಯಾಯಿತಿಯೂ ಇಲ್ಲ. ಮೊದಲ ರೂಪಾಯಿಯಿಂದಲೇ ಶೇ 30. ಲಾಟರಿ, ಆಟದ ಗೆಲುವಿನಲ್ಲಿ ಕಡಿತವಾದದ್ದು ವಾಪಸ್ ಬರುವುದಿಲ್ಲ.

ಸೈಬರ್ ಸೆಂಟರ್‌ಗಳಲ್ಲಿ ರಿಟರ್ನ್ ಹಾಕಿಸುವವರು ಒಂದನ್ನು ಕಣ್ಣಾರೆ ನೋಡಿಕೊಳ್ಳಬೇಕು: ನೋಂದಣಿಯಲ್ಲಿ ಮೊಬೈಲ್ ನಂಬರು, ಇಮೇಲ್ ವಿದ್ಯಾರ್ಥಿಯದೇ ಇರಲಿ. ಅಂಗಡಿಯವರ ನಂಬರು ಹಾಕಿದರೆ ನೋಟಿಸುಗಳೆಲ್ಲ ಅಲ್ಲಿಗೆ ಹೋಗುತ್ತವೆ, ಮುಂದಿನ ವರ್ಷ ಪಾಸ್‌ವರ್ಡ್ ಬದಲಿಸಲೂ ಅವರ ಬಳಿಗೇ ಹೋಗಬೇಕು. ರೀಫಂಡ್‌ನಲ್ಲಿ ಪಾಲು ಕೇಳುವವರು, ಇಲ್ಲದ ವಿಮೆ, ಇಲ್ಲದ ದೇಣಿಗೆ ತೋರಿಸಿ ‘ಹೆಚ್ಚು ತರಿಸಿಕೊಡುತ್ತೇವೆ’ ಎನ್ನುವವರ ಹತ್ತಿರ ಹೋಗಬೇಡಿ. ಕಡಿತವಾದದ್ದಕ್ಕಿಂತ ಹೆಚ್ಚಿನ ತೆರಿಗೆ ಯಾರಿಗೂ ವಾಪಸ್ ಬರುವುದಿಲ್ಲ, ಸುಳ್ಳಿಗೆ ಹೊಣೆ ರಿಟರ್ನ್ ಯಾರ ಹೆಸರಿನಲ್ಲಿದೆಯೋ ಅವರದು.

ಗಡುವು ಜುಲೈ 31. ಐಟಿಆರ್-4 ಹಾಕುವವರೂ ಅದನ್ನೇ ತಮ್ಮ ಗಡುವು ಎಂದುಕೊಳ್ಳುವುದು ಕ್ಷೇಮ. ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು. ರಿಟರ್ನ್ ಕಡ್ಡಾಯವಿಲ್ಲದ, 4 ಲಕ್ಷದೊಳಗಿನ ಆದಾಯದವರಿಗೆ ಅದಕ್ಕೆ ದಂಡವಿಲ್ಲ, ಹಿಂದಿನ ತಿಂಗಳುಗಳ ಬಡ್ಡಿ ಮಾತ್ರ ಕೈತಪ್ಪುತ್ತದೆ. ಡಿಸೆಂಬರ್ ದಾಟಿದ ಮೇಲೆ ಹಾಕುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ರೀಫಂಡ್ ಕೇಳುವಂತಿಲ್ಲ. ಆಮೇಲೆ ಉಳಿಯುವುದು ವಿಳಂಬ ಮನ್ನಿಸಿ ಎಂದು 119(2)(ಬಿ) ಅಡಿಯಲ್ಲಿ ಇಲಾಖೆಗೆ ಅರ್ಜಿ ಹಾಕುವ ಉದ್ದನೆಯ ದಾರಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿರುವುದರಿಂದ ಅಲ್ಲಿಂದಾಚೆಯ ದುಡಿಮೆಗೆ ಸೆಕ್ಷನ್ ಸಂಖ್ಯೆಗಳೂ ಟಿಡಿಎಸ್ ಫಾರಂಗಳ ಸಂಖ್ಯೆಗಳೂ ಬೇರೆ. 2025-26ರ ದುಡಿಮೆಗೆ 2026ರಲ್ಲಿ ಹಾಕುವ ರಿಟರ್ನ್‌ಗೆ ಮೇಲೆ ಹೇಳಿದ ಹಳೆಯ ಸಂಖ್ಯೆಗಳೇ.

ಆದ್ದರಿಂದ ಪ್ರಾಂಶುಪಾಲರಲ್ಲಿ ನಮ್ಮ ಕೋರಿಕೆ: ಜೂನ್ ಕೊನೆ, ಜುಲೈ ಮೊದಲ ವಾರದ ಎರಡು ಶನಿವಾರ ಕಂಪ್ಯೂಟರ್ ಲ್ಯಾಬ್ ತೆರೆದಿಡಿ. ವಾಣಿಜ್ಯ ವಿಭಾಗದ ಅಧ್ಯಾಪಕರೂ ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿಗಳೂ ಕೂತರೆ ಸಾಕು, ನಾವೂ ಬಂದು ಜೊತೆಗಿರುತ್ತೇವೆ, ಹಣ ಬೇಡ. ಮಕ್ಕಳು ತರಬೇಕಾದದ್ದು ಪ್ಯಾನ್, ಆಧಾರ್‌ಗೆ ಜೋಡಣೆಯಾದ ಫೋನ್, ಪಾಸ್‌ಬುಕ್, ಇದ್ದರೆ ಫಾರಂ 16 (ಸಂಬಳದ ಟಿಡಿಎಸ್ ಪ್ರಮಾಣಪತ್ರ) ಅಥವಾ 16ಎ.

ಮಾನ್ಯ ಜಿಲ್ಲಾಧಿಕಾರಿಗಳೇ, ಇಷ್ಟೆಲ್ಲ ಮಾಡಿದರೂ ಬಾಗಿಲಲ್ಲೇ ನಿಂತು ವಾಪಸ್ ಹೋಗುವ ಮಕ್ಕಳಿದ್ದಾರೆ. ‘ಅಮ್ಮ ಬೇಡ ಅಂದಿದ್ದಾರೆ, ಕಾರ್ಡು ಹೋಗುತ್ತಂತೆ’ ಎನ್ನುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ನಿಜವಾಗಬಾರದು. ನಿಯಮ ಹೇಳುವುದು ಆದಾಯ ತೆರಿಗೆ ಕಟ್ಟುವವರ ಬಗ್ಗೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ಗದ್ದಲವಾದಾಗ ರಾಜ್ಯ ಸರ್ಕಾರವೂ ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸುವುದಾಗಿಯೇ ಹೇಳಿತು. ಗೃಹಲಕ್ಷ್ಮಿಯಲ್ಲೂ ನೋಡುವುದು ಮನೆಯ ಯಜಮಾನಿ ಅಥವಾ ಅವರ ಪತಿ ತೆರಿಗೆ ಕಟ್ಟುವವರೇ, ಜಿಎಸ್‌ಟಿ ರಿಟರ್ನ್ ಹಾಕುವವರೇ ಎಂದು. ಕಾಲೇಜಿಗೆ ಹೋಗುವ ಮಗನ ರೀಫಂಡ್ ಅರ್ಜಿ ಅದರಲ್ಲಿ ಬರುವುದಿಲ್ಲ. ಮಗ ಅಥವಾ ಮಗಳ ದುಡಿಮೆ ಮನೆಯ ವಾರ್ಷಿಕ ಆದಾಯಕ್ಕೆ, ಬಿಪಿಎಲ್‌ನ 1.20 ಲಕ್ಷದ ಮಿತಿಗೆ ಸೇರುತ್ತದೆ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅದು ರಿಟರ್ನ್ ಹಾಕಿದರೂ ಹಾಕದಿದ್ದರೂ ಇರುವ ಸಂಗತಿ. ರಿಟರ್ನ್ ಹಾಕಿದ್ದಕ್ಕೇ ಯಾರೂ ತೆರಿಗೆದಾರರಾಗುವುದಿಲ್ಲ.

ಕಚೇರಿಗಳಲ್ಲಿ ಎಡವಟ್ಟಾಗುವ ಜಾಗ ಯಾವುದು ಎಂಬುದನ್ನೂ ತಿಳಿಸಬೇಕು. ರಿಟರ್ನ್‌ನ ಸ್ವೀಕೃತಿ ಪತ್ರದಲ್ಲಿ ‘ನಿವ್ವಳ ತೆರಿಗೆ’ ಎಂಬ ಸಾಲು ಒಂದು, ‘ಪಾವತಿಸಿದ ತೆರಿಗೆ’ ಎಂಬ ಸಾಲು ಇನ್ನೊಂದು. ನಾವು ಹೇಳಿದ ಹುಡುಗಿಯ ಪತ್ರದಲ್ಲಿ ಮೊದಲನೆಯದು ಸೊನ್ನೆ, ಎರಡನೆಯದು 14,400, ಅದರ ಕೆಳಗೆ ಅಷ್ಟೂ ವಾಪಸ್ ಬರಬೇಕೆಂದು ಋಣ ಚಿಹ್ನೆಯೊಡನೆ ನಮೂದು. ಎರಡನೆಯ ಸಾಲನ್ನಷ್ಟೇ ನೋಡಿದವರಿಗೆ ಅವಳು ತೆರಿಗೆ ಕಟ್ಟಿದವಳಂತೆ ಕಾಣುತ್ತಾಳೆ. ಆಹಾರ ಇಲಾಖೆಯ ಕಚೇರಿಗಳಿಗೆ, ತಾಲ್ಲೂಕು ಕಚೇರಿಗಳಿಗೆ, ಗ್ರಾಮ ಆಡಳಿತಾಧಿಕಾರಿಗಳಿಗೆ ತಾವು ಒಂದು ಸುತ್ತೋಲೆ ಕಳಿಸಿ, ನಿವ್ವಳ ತೆರಿಗೆಯ ಸಾಲು ಸೊನ್ನೆ ಇರುವ ಸ್ವೀಕೃತಿಯನ್ನು ತೆರಿಗೆ ಪಾವತಿಯ ದಾಖಲೆಯೆಂದು ಪರಿಗಣಿಸಬಾರದು ಎಂದು ಸ್ಪಷ್ಟಪಡಿಸಬೇಕು. ಅದರ ಪ್ರತಿಯನ್ನು ಜುಲೈ ಮೊದಲ ವಾರದೊಳಗೆ ಕಾಲೇಜುಗಳ ಸೂಚನಾ ಫಲಕಕ್ಕೂ ಪಡಿತರ ಅಂಗಡಿಗಳಿಗೂ ಹಚ್ಚಿಸಬೇಕು ಎಂದು ಕೋರುತ್ತೇವೆ.

ಇಂತಿ,
ಹಾಸನದ ಕೆಲವು ತೆರಿಗೆ ಸಲಹೆಗಾರರು ಮತ್ತು ಲೆಕ್ಕಿಗರು